ತಂಟೆ ತಟ್ಟೆಯಲ್ಲಿಲ್ಲ, ಮೈಮೇಲಿದೆ

ಬೇಸಿಗೆ ರಜೆಯ ಬೆಳಿಗ್ಗೆ. ಅಜ್ಜಿ ಮನೆಯ ಹಿತ್ತಿಲ ಮಾವಿನ ಮರದಡಿ ಮೊಮ್ಮಕ್ಕಳ ದಂಡು. ರಾತ್ರಿ ಬಿದ್ದ ಹಣ್ಣನ್ನು ಚಡ್ಡಿಗೆ ಒರೆಸಿ, ತೊಟ್ಟನ್ನು ಹಲ್ಲಿನಲ್ಲೇ ಕಚ್ಚಿ ಉಗಿದು, ಸಿಪ್ಪೆ ಸಮೇತ ಚೀಪುವ ಸಂಭ್ರಮ. ಗಲ್ಲಕ್ಕೆಲ್ಲ ರಸ, ಮೊಣಕೈವರೆಗೂ ರಸ. ಎರಡು ದಿನ ಕಳೆಯುವಷ್ಟರಲ್ಲಿ ಅವರಲ್ಲೊಬ್ಬನ ತುಟಿಯ ಸುತ್ತ ಕೆಂಪು ಉಂಗುರ ಮೂಡುತ್ತದೆ. ಸಣ್ಣ ನೀರುಗುಳ್ಳೆ, ತಡೆಯಲಾಗದ ತುರಿಕೆ. ‘ಮಾವು ಉಷ್ಣ ಕಣೋ, ಹೇಳಿದ್ರೆ ಕೇಳ್ತೀಯಾ?’ ಎಂದು ಅಜ್ಜಿ ಮಜ್ಜಿಗೆ ಲೋಟ ಮುಂದೆ ಹಿಡಿಯುತ್ತಾರೆ. ಪೇಟೆಯಿಂದ ಬಂದ ಅಪ್ಪ ‘ಫುಡ್ ಅಲರ್ಜಿ ಇರಬೇಕು’ ಎಂದು ಫೋನಿನಲ್ಲಿ ಲ್ಯಾಬ್ ಹುಡುಕತೊಡಗುತ್ತಾನೆ.

ಇಬ್ಬರೂ ದೂರುತ್ತಿರುವುದು ಹಣ್ಣಿನ ತಿರುಳನ್ನು. ತಪ್ಪು ಮಾಡಿದ್ದು ತೊಟ್ಟಿನಿಂದ ಒಸರಿ ಸಿಪ್ಪೆಗೆ ಹರಡಿದ ಸೊನೆ. ಅದು ಹೊಟ್ಟೆಗೆ ಹೋಗಿ ಕೆಡುಕು ಮಾಡಿದ್ದೂ ಅಲ್ಲ, ತುಟಿ ಮತ್ತು ಗಲ್ಲದ ಚರ್ಮಕ್ಕೆ ಅಂಟಿ ಮಾಡಿದ್ದು. ಅದೇ ಹಣ್ಣನ್ನು ತೊಳೆದು, ಸಿಪ್ಪೆ ಹೆರೆದು, ಹೋಳು ಮಾಡಿ ಕೊಟ್ಟರೆ ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ.

ಚರ್ಮಕ್ಕೆ ತಾಗಿದ ವಸ್ತುವಿನಿಂದ ಹುಟ್ಟುವ ಈ ಬಗೆಯ ತೊಂದರೆಗೆ ಸಂಪರ್ಕ ಅಲರ್ಜಿ ಎಂದು ಹೆಸರು. ಗಾರೆ ಕೆಲಸದವರಿಗೆ ಸಿಮೆಂಟಿನಿಂದ, ಕ್ಷೌರಿಕರಿಗೆ ಕೂದಲ ಬಣ್ಣದಿಂದ ಬರುವ ಕಾಯಿಲೆ ಇದು, ಮಕ್ಕಳಿಗೆ ಅಪರೂಪ ಎಂದು ವೈದ್ಯರೇ ಬಹುಕಾಲ ನಂಬಿದ್ದರು. ನಂಬಿಕೆ ಹುಸಿಯಾಯಿತು. ಡೆನ್ಮಾರ್ಕಿನ ಒಡೆನ್ಸೆ ನಗರದಲ್ಲಿ 1995ರಲ್ಲಿ ಎಂಟನೇ ತರಗತಿಯ ಮಕ್ಕಳನ್ನು ಪರೀಕ್ಷಿಸಿದಾಗ ಶೇ 15ರಷ್ಟು ಮಕ್ಕಳ ಚರ್ಮ ಒಂದಲ್ಲ ಒಂದು ವಸ್ತುವಿಗೆ ಅಲರ್ಜಿ ಬೆಳೆಸಿಕೊಂಡಿತ್ತು. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ 18ರೊಳಗಿನವರಲ್ಲಿ ಶೇ 16.5 ಎಂದು ಲೆಕ್ಕ ಹಾಕಿತು. ಇವರೆಲ್ಲ ಸದಾ ತುರಿಸಿಕೊಳ್ಳುತ್ತ ಕೂತವರಲ್ಲ. ಆದರೆ ಆ ವಸ್ತು ಮತ್ತೆ ತಾಗಿದರೆ ಅವರ ಚರ್ಮ ಸಿಡಿದೇಳಲು ಸಿದ್ಧವಾಗಿದೆ ಎಂದರ್ಥ.

ಎರಡು ದಿನ ತಡವಾಗಿ ಬರುವ ತುರಿಕೆ

ಮೈಮೇಲೆ ಏಳುವುದೆಲ್ಲ ಒಂದೇ ಬಗೆಯದಲ್ಲ. ಸೀಗಡಿ ತಿಂದ ಅರ್ಧ ಗಂಟೆಯೊಳಗೆ ಮೈಯೆಲ್ಲ ದದ್ದರಿಸಿ, ಸಂಜೆಯೊಳಗೆ ಇಳಿದುಹೋಗುವುದು ಗಂದೆ. ಅದು ಐಜಿಇ ಎಂಬ ಪ್ರತಿಕಾಯದ ಕೆಲಸ. ಪಾತ್ರೆ ತೊಳೆಯುವ ಸೋಪಿನಲ್ಲಿ ದಿನವಿಡೀ ಕೈ ಅದ್ದಿ ಚರ್ಮ ಒಡೆಯುವುದು ಬರೀ ಕೆರಳಿಕೆ. ಸಾಕಷ್ಟು ಸೋಪು ತಾಗಿದರೆ ಯಾರ ಕೈಯಾದರೂ ಒಡೆದೀತು.

ಸಂಪರ್ಕ ಅಲರ್ಜಿ ಇವೆರಡೂ ಅಲ್ಲ. ಇಲ್ಲಿ ಕೆಲಸ ಮಾಡುವುದು ಟಿ ಕೋಶಗಳು. ನಿಕ್ಕಲ್, ಕ್ರೋಮಿಯಂ, ಬಣ್ಣ, ಸುಗಂಧ, ಅಂಟು ಇವುಗಳ ಕಣಗಳು ಎಷ್ಟು ಚಿಕ್ಕವೆಂದರೆ ಚರ್ಮದ ಹೊರಪದರವನ್ನು ಸಲೀಸಾಗಿ ದಾಟುತ್ತವೆ. ಒಳಗೆ ಹೋಗಿ ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ ಅವು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಪರಕೀಯವಾಗಿ ಕಾಣುತ್ತವೆ. ಅಲ್ಲಿ ಕಾವಲಿಗೆ ಲಾಂಗರ್‌ಹಾನ್ಸ್ ಕೋಶಗಳಿವೆ. 1868ರಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿ ಬರ್ಲಿನ್ನಿನಲ್ಲಿ ಇವನ್ನು ಮೊದಲು ಗುರುತಿಸಿದಾಗ ನರಕೋಶಗಳೆಂದೇ ತಿಳಿದಿದ್ದ. ಇವುಗಳ ನಿಜವಾದ ಕಸುಬು ಗೊತ್ತಾಗಲು ನೂರು ವರ್ಷ ಬೇಕಾಯಿತು. ಪರಕೀಯ ಕಣವನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಅಲ್ಲಿರುವ ಟಿ ಕೋಶಗಳಿಗೆ ಗುರುತು ಮಾಡಿಸಿಕೊಡುವುದು ಆ ಕಸುಬು.

ಈ ಗುರುತು ಹಿಡಿಯುವ ಹಂತಕ್ಕೆ ಕಡಿಮೆಯೆಂದರೂ ಹತ್ತು, ಹದಿನಾಲ್ಕು ದಿನ ಬೇಕು. ಎಷ್ಟೋ ಸಲ ವರ್ಷಗಟ್ಟಲೆ ತಾಗಿದ ಮೇಲೆ ಇದು ನಡೆಯುತ್ತದೆ. ಆ ಹೊತ್ತಿನಲ್ಲಿ ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಒಮ್ಮೆ ಗುರುತಾಯಿತೋ, ಆ ಟಿ ಕೋಶಗಳು ಕೊಟ್ಟ ಸಾಲ ಮರೆಯದ ಸಾಹುಕಾರನ ಹಾಗೆ. ಸಾಮಾನ್ಯವಾಗಿ ಜೀವನಪೂರ್ತಿ ನೆನಪಿಟ್ಟುಕೊಂಡಿರುತ್ತವೆ. ಅದೇ ವಸ್ತು ಮತ್ತೆ ತಾಗಿದಾಗ ಅವು ಆ ಜಾಗಕ್ಕೆ ಬಂದು ಸೇರಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಆಮೇಲೆಯೇ ಕೆಂಪು, ಊತ, ನೀರುಗುಳ್ಳೆ, ನವೆ.

ಮನೆಯವರ ಲೆಕ್ಕಾಚಾರ ತಪ್ಪುವುದು ಇಲ್ಲೇ. ಗುರುವಾರ ಗುಳ್ಳೆ ಎದ್ದರೆ ಬುಧವಾರ ರಾತ್ರಿಯ ಊಟವನ್ನು ನೆನೆಸಿಕೊಳ್ಳುತ್ತಾರೆ, ಸೋಮವಾರ ಹಾಕಿದ ಓಲೆಯನ್ನಲ್ಲ. ಬದನೆಕಾಯಿ ನಂಜು, ಹಲಸು ನಂಜು, ಒಣಮೀನು ನಂಜು ಎಂದು ಒಂದೊಂದೇ ಪದಾರ್ಥ ತಟ್ಟೆಯಿಂದ ಇಳಿಯುತ್ತದೆ. ಬೆಳೆಯುವ ಮಗು ಬಡವಾಗುತ್ತದೆ, ತುರಿಕೆ ಇದ್ದಲ್ಲೇ ಇರುತ್ತದೆ. ಇನ್ನೊಂದು ತಪ್ಪು ‘ಹೊಸದೇನು ಬಳಸಿದೆ?’ ಎಂಬ ಪ್ರಶ್ನೆ. ಎರಡು ವರ್ಷದಿಂದ ಇದೇ ಸೋಪು, ಇದೇ ವಾಚು, ಇದರಿಂದ ಹೇಗಾದೀತು ಎಂದು ತಾಯಂದಿರು ವಾದಿಸುತ್ತಾರೆ. ಅಪರಾಧಿ ಹೊಸ ವಸ್ತುವೇ ಆಗಿರಬೇಕಿಲ್ಲ, ಹಳೆಯದನ್ನೂ ಅಷ್ಟೇ ಅನುಮಾನದಿಂದ ನೋಡಬೇಕು.

ಕಿವಿಯಿಂದ ಹೊಕ್ಕುಳವರೆಗೆ

ಜಗತ್ತಿನಾದ್ಯಂತ ಮಕ್ಕಳ ಸಂಪರ್ಕ ಅಲರ್ಜಿಯಲ್ಲಿ ಮೊದಲ ಸ್ಥಾನ ನಿಕ್ಕಲ್ ಲೋಹಕ್ಕೆ. ಅಗ್ಗ, ಗಟ್ಟಿ, ಹೊಳಪು, ತುಕ್ಕು ಹಿಡಿಯದು. ಆದ್ದರಿಂದ ಎಲ್ಲೆಲ್ಲೂ ಇದೆ. ಓಲೆ, ಬಳೆ, ಗೆಜ್ಜೆ, ವಾಚಿನ ಪಟ್ಟಿ, ಬೆಲ್ಟಿನ ಬಕಲ್, ಕನ್ನಡಕದ ಚೌಕಟ್ಟು, ಉಡಿದಾರಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್. ಬೆವರು ಲೋಹವನ್ನು ಕರಗಿಸಿ ಚರ್ಮಕ್ಕೆ ಕೊಡುವುದರಿಂದ ಬೇಸಿಗೆಯಲ್ಲಿ ಕಾಟ ಹೆಚ್ಚು.

ಗುಳ್ಳೆ ಎದ್ದ ಜಾಗವೇ ಇಲ್ಲಿ ಕಳ್ಳನ ವಿಳಾಸ ಹೇಳುತ್ತದೆ. ಕಿವಿಯ ಹಾಲೆಯಲ್ಲಿ ರಸಿಕೆಯಾದರೆ ಓಲೆ. ಮಣಿಕಟ್ಟಿನಲ್ಲಾದರೆ ವಾಚು ಅಥವಾ ಬಳೆ. ಹೊಕ್ಕುಳಿನ ಕೆಳಗೆ ರೂಪಾಯಿ ಅಗಲದ ಕಪ್ಪು ಗರಸಲು ಮಚ್ಚೆಯಿದ್ದರೆ ಜೀನ್ಸ್ ಗುಂಡಿಯನ್ನು ತಿರುಗಿಸಿ ನೋಡಬೇಕು. ಅಮೆರಿಕದಲ್ಲಿ ತೊಡೆಯ ಹಿಂಭಾಗದಲ್ಲಿ ಮಾತ್ರ ಇಸುಬಿನಂಥ ಕಲೆಗಳಾದ ಮಕ್ಕಳನ್ನು ವಿಚಾರಿಸಿದಾಗ ಶಾಲೆಯ ಕುರ್ಚಿಯ ಲೋಹದ ಮೊಳೆಗಳು ಸಿಕ್ಕಿಬಿದ್ದವು. ಆದರೆ ಎಲ್ಲ ಕಡೆಯೂ ಇಷ್ಟು ಸುಲಭವಲ್ಲ. ನಿಕ್ಕಲ್ ಅಲರ್ಜಿ ಜೋರಾಗಿರುವ ಮಕ್ಕಳಿಗೆ ಲೋಹ ಮುಟ್ಟದ ಮೊಣಕೈ, ಮೊಣಕಾಲಿನಲ್ಲೂ ಗುಳ್ಳೆ ಏಳುವುದುಂಟು. ಆಗ ಒಳ್ಳೆಯ ವೈದ್ಯರೂ ಅದನ್ನು ಮಾಮೂಲಿ ಇಸುಬು ಎಂದು ತಿಳಿಯಬಹುದು. ಕ್ಯಾಲಿಫೋರ್ನಿಯಾದಲ್ಲಿ 11 ವರ್ಷದ ಹುಡುಗನೊಬ್ಬನಿಗೆ ಹೀಗೇ ಆಗಿತ್ತು. ಮೊದಲೇ ಇಸುಬಿದ್ದ ಮೈ, ಯಾವ ಔಷಧಕ್ಕೂ ಬಗ್ಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಿಕ್ಕಲ್ ಅಲರ್ಜಿ ಕಂಡಿತು. ಅವನು ದಿನವೂ ಹಿಡಿಯುತ್ತಿದ್ದ ಐಪ್ಯಾಡಿನ ಹೊರಕವಚದಲ್ಲಿ ನಿಕ್ಕಲ್ ಇತ್ತು. ಅದಕ್ಕೊಂದು ಹೊದಿಕೆ ಹಾಕಿದ ಮೇಲೆ ಹುಡುಗ ಸುಧಾರಿಸಿದ. 2014ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಿಕ್ಕಲ್ ಅಲರ್ಜಿಯ ಹೆಬ್ಬಾಗಿಲು ಚುಚ್ಚಿದ ಕಿವಿ. ಗಾಯದ ಮೂಲಕ ಲೋಹ ನೇರವಾಗಿ ಒಳಕ್ಕಿಳಿಯುತ್ತದೆ. ನಮ್ಮಲ್ಲಿ ಕೂಸಿನ ಕಿವಿಯನ್ನು ಅಕ್ಕಸಾಲಿಗರು ತೆಳುವಾದ ಚಿನ್ನದ ತಂತಿಯಿಂದ ಚುಚ್ಚುತ್ತಿದ್ದ ಪದ್ಧತಿ ಈ ಒಂದು ವಿಷಯದಲ್ಲಿ ಜಾಣತನದ್ದು. 916 ಚಿನ್ನದಲ್ಲಿ ಬೆರೆಸುವುದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ತೊಂದರೆ ಶುರುವಾಗುವುದು ಹೈಸ್ಕೂಲಿನಲ್ಲಿ. ಡ್ರೆಸ್ಸಿಗೊಂದು ಓಲೆ ಬೇಕು, ಎರಡನೇ ತೂತು ಬೇಕು, ಮೂಗುಬೊಟ್ಟು ಬೇಕು. ಜಾತ್ರೆಯಿಂದಲೋ ಫ್ಯಾನ್ಸಿ ಸ್ಟೋರಿನಿಂದಲೋ ಬಂದ ಆ ಓಲೆಯ ಒಡಲಲ್ಲಿ ಏನಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಕಾಲೇಜು ಹುಡುಗಿಯರಿಗೆ ಈಗ ಬಲು ಪ್ರಿಯವಾದ ಜರ್ಮನ್ ಸಿಲ್ವರ್ ಆಭರಣದಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಅದು ತಾಮ್ರ, ಸತು ಮತ್ತು ನಿಕ್ಕಲ್‌ನ ಬೆರಕೆ. ಒನ್ ಗ್ರಾಂ ಗೋಲ್ಡ್ ಸರದ ಚಿನ್ನದ ಲೇಪ ಸವೆದ ಮೇಲೆ ಕತ್ತಿಗೆ ತಾಗುವುದು ಅಡಿಯ ಲೋಹವೇ. ಓಲೆಯ ತಿರುಪಿಗೆ ನೇಲ್ ಪಾಲಿಶ್ ಬಳಿದುಕೊಳ್ಳುವ ಉಪಾಯ ಹುಡುಗಿಯರಲ್ಲಿ ಪ್ರಚಲಿತ. ನಾಲ್ಕು ದಿನಕ್ಕೆ ಅದು ಉದುರುತ್ತದೆ. ನೇಲ್ ಪಾಲಿಶ್‌ನ ಅಂಟೇ ಕೆಲವರಿಗೆ ಅಲರ್ಜಿ ತರುವ ಪದಾರ್ಥ ಎಂಬುದು ಇನ್ನೊಂದು ವಿನೋದ.

ಇದಕ್ಕೆ ಮದ್ದು ಮುಲಾಮಿನಲ್ಲಿಲ್ಲ, ಕಾನೂನಿನಲ್ಲಿದೆ ಎಂದು ತೋರಿಸಿಕೊಟ್ಟದ್ದು ಡೆನ್ಮಾರ್ಕ್. ಚರ್ಮಕ್ಕೆ ತಾಗುವ ವಸ್ತು ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡಬಾರದು ಎಂಬ ನಿಯಮವನ್ನು ಅದು 1990ರ ಹೊತ್ತಿಗೆ ಜಾರಿಗೆ ತಂದಿತು. ನಿಯಮಕ್ಕೆ ಮೊದಲು ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಶೇ 17ರಷ್ಟು ಮಂದಿಗೆ ನಿಕ್ಕಲ್ ಅಲರ್ಜಿಯಿದ್ದರೆ, ಆನಂತರ ಚುಚ್ಚಿಸಿಕೊಂಡವರಲ್ಲಿ ಅದು ಶೇ 4ರ ಆಸುಪಾಸಿಗೆ ಇಳಿದಿತ್ತು. 1994ರಲ್ಲಿ ಯುರೋಪಿಯನ್ ಒಕ್ಕೂಟ ಇದೇ ಹಾದಿ ಹಿಡಿಯಿತು. ಚುಚ್ಚಿದ ಗಾಯದೊಳಗೆ ಕೂರುವ ಕಡ್ಡಿಗೆ ಈಗ ಅಲ್ಲಿ ಮಿತಿ ಇನ್ನೂ ಬಿಗಿ, 0.2 ಮೈಕ್ರೋಗ್ರಾಂ. ಲೋಹ ನಿಕ್ಕಲ್ ಬಿಡುತ್ತಿದೆಯೇ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯವೂ ಬೇಡ. ಡೈಮಿಥೈಲ್‌ಗ್ಲೈಆಕ್ಸಿಮ್ ಎಂಬ ದ್ರಾವಣ ಹಚ್ಚಿದ ಹತ್ತಿಯಿಂದ ಉಜ್ಜಿದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಮ್ಮಲ್ಲಿ 2021ರಿಂದ ಚಿನ್ನಕ್ಕೆ ಹಾಲ್‌ಮಾರ್ಕ್ ಕಡ್ಡಾಯ. ಅದು ಕೊಳ್ಳುವವರ ಹಣ ಕಾಯುವ ಗುರುತು. ಇಪ್ಪತ್ತು ರೂಪಾಯಿಯ ಓಲೆ ತೊಡುವ ಹುಡುಗಿಯ ಕಿವಿ ಕಾಯಲು ಅಂಥದೊಂದು ಗುರುತು ಬೇಕೆಂದು ಯಾರೂ ಕೇಳುತ್ತಿಲ್ಲ.

ಸೊನೆಯ ಸಂಸಾರ

ಮಾವಿನ ಸೊನೆಗೆ ಹಿಂತಿರುಗಿದರೆ, ಅದರ ನಂಟಸ್ತಿಕೆ ದೊಡ್ಡದು. ಮಾವು, ಗೋಡಂಬಿಯ ಗೇರು, ಕರಿಗೇರು, ಪಶ್ಚಿಮ ಘಟ್ಟದ ಹೊಲಗೇರು ಎಲ್ಲವೂ ಒಂದೇ ಸಸ್ಯ ಕುಟುಂಬ. ಇವುಗಳ ಸೊನೆಯಲ್ಲಿರುವ ಎಣ್ಣೆಯಂಥ ರಾಸಾಯನಿಕಗಳೂ ಅಣ್ಣತಮ್ಮಂದಿರೇ. ಮಲೆನಾಡಿನಲ್ಲಿ ಹೊಲಗೇರಿನ ಕೆಳಗೆ ನಿಲ್ಲಬೇಡ ಎಂದು ಹಿರಿಯರು ಹೇಳುವುದು ಮೂಢನಂಬಿಕೆಯಲ್ಲ. ಆ ಸೊನೆ ತಾಗಿ ಮುಖ ಊದಿ ಕಣ್ಣು ಮುಚ್ಚಿಹೋದವರನ್ನು ಅವರು ನೋಡಿದ್ದಾರೆ. ಕರಾವಳಿಯ ಮಕ್ಕಳು ಹಸಿ ಗೇರುಬೀಜವನ್ನು ಬೆಂಕಿಗೆ ಹಾಕಿ ಸುಡುವಾಗ ಚಟಪಟ ಸಿಡಿಯುವುದು ಸಿಪ್ಪೆಯ ಎಣ್ಣೆ. ಬೆರಳು, ತುಟಿ ಸುಟ್ಟಂತಾಗುವುದು ಅದರಿಂದ. ಕರಿಗೇರಿನ ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಲದಲ್ಲಿ, ಎರಡನೇ ಮಹಾಯುದ್ಧದ ಸಮಯ ಭಾರತಕ್ಕೆ ಬಂದ ವಿದೇಶಿ ಸೈನಿಕರ ಕುತ್ತಿಗೆಯಲ್ಲಿ ಸರಿಯಾಗಿ ಆ ಗುರುತು ತಾಗುವಲ್ಲೇ ಗುಳ್ಳೆ ಏಳುತ್ತಿತ್ತು.

ಈ ನಂಟಸ್ತಿಕೆ ಸಾಗರ ದಾಟುತ್ತದೆ. ಅಮೆರಿಕದ ಹಿತ್ತಿಲು, ಕಾಡುದಾರಿಗಳಲ್ಲಿ ಹಬ್ಬುವ ಪಾಯ್ಸನ್ ಐವಿ ಬಳ್ಳಿಯೂ ಇದೇ ಕುಟುಂಬದ್ದು. ನ್ಯೂಜೆರ್ಸಿಯಲ್ಲಿ ಬೆಳೆದ ಕನ್ನಡಿಗರ ಮಗುವಿಗೆ ಅಲ್ಲಿ ಒಮ್ಮೆ ಆ ಬಳ್ಳಿ ತಾಗಿ ಅಲರ್ಜಿ ಬೆಳೆದಿದ್ದರೆ, ರಜೆಗೆ ಊರಿಗೆ ಬಂದು ಮೊದಲ ಸಲ ಮಾವಿನ ಸಿಪ್ಪೆ ಕಚ್ಚಿದಾಗಲೇ ತುಟಿ ಊದಬಹುದು. ‘ನಮ್ಮೂರ ನೀರು ಒಗ್ಗಲಿಲ್ಲ’ ಎಂದು ನೆಂಟರು ತೀರ್ಮಾನಿಸುತ್ತಾರೆ.

ಗಾಳಿಯಲ್ಲೇ ಬರುವ ಶತ್ರುವೂ ಒಂದಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದು ದೇಶವಿಡೀ ಹರಡಿದ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆಯನ್ನು ಇದರ ಮೇಲೆ ಬಿಟ್ಟದ್ದೂ ಆಯಿತು. ಖಾಲಿ ಸೈಟುಗಳಲ್ಲಿ ಗಿಡ ಇನ್ನೂ ನಗುತ್ತಿದೆ. ಇದರ ಅಲರ್ಜಿ ಹೆಚ್ಚಾಗಿ ನಡುವಯಸ್ಸಿನ ರೈತರಲ್ಲಿ ಕಂಡರೂ ಮಕ್ಕಳು ಪೂರ್ತಿ ಸುರಕ್ಷಿತರಲ್ಲ. ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಮಳೆಗಾಲದ ಆಸುಪಾಸು ಉಲ್ಬಣಿಸುವ ತುರಿಕೆಗೆ ಮೈದಾನದ ಅಂಚಿನ ಈ ಗಿಡವೂ ಕಾರಣವಿರಬಹುದು.

ಕರಿ ಬೂಟಿನೊಳಗೆ

ಜೂನ್ ತಿಂಗಳು. ಹೊಸ ಬೂಟು, ಮಳೆ, ಒದ್ದೆ ಕಾಲುಚೀಲ. ಬೆಳಿಗ್ಗೆಯಿಂದ ಸಂಜೆವರೆಗೆ ಕಾಲು ಬೆವರಿನಲ್ಲೇ ನೆನೆಯುತ್ತದೆ. ಹೆಚ್ಚಿನ ತೊಗಲನ್ನು ಹದ ಮಾಡುವುದು ಕ್ರೋಮಿಯಂ ಲವಣಗಳಿಂದ. ಬೆವರು ಅದನ್ನು ಸೆಳೆದು ಚರ್ಮಕ್ಕೆ ಕೊಡುತ್ತದೆ. ತೊಗಲಿನದಲ್ಲದ ಬೂಟಾದರೆ ರಬ್ಬರನ್ನು ಗಟ್ಟಿಗೊಳಿಸಲು ಸೇರಿಸಿದ ರಾಸಾಯನಿಕಗಳು, ಅಟ್ಟೆ ಅಂಟಿಸಿದ ರಾಳ.

ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಬೆನ್ನಿನಲ್ಲಿ ಕೆಂಪಾಗಿ, ಬೆರಳ ಸಂದಿ ಮಾತ್ರ ಸ್ವಚ್ಛವಾಗಿದ್ದರೆ ಬೂಟಿನ ಅಲರ್ಜಿಯನ್ನು ಶಂಕಿಸಬೇಕು. ಬೆರಳ ಸಂದಿಯಲ್ಲೇ ಬೆಳ್ಳಗೆ ಕೊಳೆತಂತಿದ್ದರೆ ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಮನೆಯಲ್ಲಿ ಎರಡಕ್ಕೂ ಒಂದೇ ಮುಲಾಮು ಹಚ್ಚುವುದರಿಂದ ಎರಡೂ ವಾಸಿಯಾಗುವುದಿಲ್ಲ.

ಅಥಣಿ, ನಿಪ್ಪಾಣಿ ಕಡೆಯ ಚಮ್ಮಾರರ ಕೈಯಲ್ಲಿ ಇದಕ್ಕೊಂದು ಹಳೆಯ ಉತ್ತರವಿದೆ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯ ತೊಗಲನ್ನು ಸಂಪ್ರದಾಯದಂತೆ ಹದ ಮಾಡುವುದು ಜಾಲಿ ತೊಗಟೆ ಮತ್ತು ಅಳಲೆಕಾಯಿಯಿಂದ, ಕ್ರೋಮಿಯಂ ಇಲ್ಲದೆ. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಪಾಲಿದೆ. ಕ್ರೋಮಿಯಂ ಅಲರ್ಜಿ ಇರುವ ಮಗುವಿಗೆ ಅಸಲಿ ಜೋಡು ಅನುಕೂಲವಾದೀತು. ಆದರೆ ಪೇಟೆಯಲ್ಲಿ ಅದೇ ಹೆಸರಿನಲ್ಲಿ ಸಿಗುವುದೆಲ್ಲ ಅಸಲಿಯಲ್ಲ, ಮಳೆಗಾಲಕ್ಕೆ ಅಸಲಿಯೂ ಆಗುವುದಿಲ್ಲ. ಕರಿ ಬೂಟು ಕಡ್ಡಾಯ ಮಾಡುವ ಶಾಲೆಗಳು ವೈದ್ಯರ ಚೀಟಿ ತಂದ ಮಗುವಿಗಾದರೂ ಬಟ್ಟೆಯ ಶೂ ಅಥವಾ ಚಪ್ಪಲಿಗೆ ಒಪ್ಪಿಗೆ ಕೊಡುವುದು ದೊಡ್ಡ ಉಪಕಾರ.

ಹಣೆಯ ಬೊಟ್ಟು, ಕೈಯ ಕಪ್ಪು

ಗೋರಂಟಿ ಸೊಪ್ಪು ಅರೆದು ರಾತ್ರಿಯಿಡೀ ಮೆತ್ತಿಕೊಂಡರೆ ಬರುವುದು ಕಿತ್ತಳೆ ಅಥವಾ ಕೆಂಗಂದು. ಅದು ಎಂದೂ ಮಸಿಗಪ್ಪಾಗುವುದಿಲ್ಲ, ಹತ್ತು ನಿಮಿಷದಲ್ಲಿ ಹಿಡಿಯುವುದೂ ಇಲ್ಲ. ಶುದ್ಧ ಗೋರಂಟಿಗೆ ಅಲರ್ಜಿ ಬಲು ಅಪರೂಪ. ಮದುವೆ ಮನೆಯ ಅವಸರಕ್ಕೆ ‘ಕೂಡಲೇ ಕಪ್ಪು’ ಎಂದು ಮಾರುವ ಕೋನ್‌ಗಳಲ್ಲಿ, ಕಡಲತೀರಗಳಲ್ಲಿ ಪ್ರವಾಸಿ ಮಕ್ಕಳ ತೋಳಿಗೆ ಬಿಡಿಸುವ ‘ಕಪ್ಪು ಹೆನ್ನಾ’ ಹಚ್ಚೆಗಳಲ್ಲಿ ಬೆರೆಸುವುದು ಕೂದಲ ಬಣ್ಣದ ಪಿಪಿಡಿ, ಅಂದರೆ ಪ್ಯಾರಾಫಿನೈಲಿನ್‌ಡೈಅಮೀನ್.

ಯುರೋಪಿನಲ್ಲಿ ಪಿಪಿಡಿಯನ್ನು ಕೂದಲಿಗೆ ಹಚ್ಚುವಾಗ ಗರಿಷ್ಠ ಶೇ 2. ಚರ್ಮದ ಮೇಲೆ ಬಳಸಲು ಅನುಮತಿಯೇ ಇಲ್ಲ. ಹಚ್ಚೆಯ ಲೇಪಗಳಲ್ಲಿ ಶೇ 15ನ್ನೂ ಮೀರಿದ ಪ್ರಮಾಣ ಸಿಕ್ಕಿದೆ. ವಾರ, ಹತ್ತು ದಿನದಲ್ಲಿ ಚಿತ್ತಾರದ ಗೆರೆಗೆ ಸರಿಯಾಗಿ ಬೊಕ್ಕೆಗಳು ಏಳುತ್ತವೆ. ಮಾಸಿದ ಮೇಲೂ ಬಿಳಿ ಅಥವಾ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ಎಂಟನೇ ವಯಸ್ಸಿನಲ್ಲಿ ಹೀಗೆ ಅಲರ್ಜಿ ಬೆಳೆಸಿಕೊಂಡವಳು ಹದಿನೆಂಟರಲ್ಲಿ ಮೊದಲ ಸಲ ಕೂದಲಿಗೆ ಬಣ್ಣ ಹಚ್ಚಿಕೊಂಡಾಗ ತಲೆ, ಮುಖ ಊದಿ ಆಸ್ಪತ್ರೆ ಸೇರಬಹುದು. ಬಟ್ಟೆಯ ಕೆಲವು ಬಣ್ಣಗಳೂ, ಮರಗಟ್ಟಿಸುವ ಕೆಲವು ಔಷಧಗಳೂ ಅವಳಿಗೆ ಆಗದಿರಬಹುದು.

ಸ್ಟಿಕ್ಕರ್ ಬೊಟ್ಟಿನ ಕಥೆ ಇನ್ನೂ ಸೂಕ್ಷ್ಮ. ಅದರ ಹಿಂದಿನ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕವಿದ್ದರೆ ಅದು ತುರಿಕೆ ತರುವುದಷ್ಟೇ ಅಲ್ಲ, ಬಣ್ಣ ತಯಾರಿಸುವ ಕೋಶಗಳನ್ನೂ ಕೊಲ್ಲಬಲ್ಲದು. ಹಣೆಯ ನಡುವೆ ಬೊಟ್ಟಿನಷ್ಟೇ ದುಂಡಗಿನ ಬಿಳಿ ಮಚ್ಚೆ ಉಳಿಯುತ್ತದೆ. ರಬ್ಬರ್ ಚಪ್ಪಲಿಯ ಪಟ್ಟಿಯಡಿ ‘ವಿ’ ಆಕಾರದಲ್ಲಿ ಬಿಳಿಯಾಗುವುದೂ ಇದೇ ಬಗೆ. ಹುಡುಗಿಗೆ ತೊನ್ನು ಬಂತೆಂದು ಮನೆಯವರು ಎದೆ ಬಡಿದುಕೊಳ್ಳುತ್ತಾರೆ, ಮದುವೆಯ ಚಿಂತೆ ಆಗಲೇ ಶುರು. ಬೊಟ್ಟು ನಿಲ್ಲಿಸಿ ಚಿಕಿತ್ಸೆ ಪಡೆದರೆ ಅನೇಕರಲ್ಲಿ ಬಣ್ಣ ಮರಳುತ್ತದೆ. ಮಚ್ಚೆ ಮುಚ್ಚಲೆಂದು ಅದರ ಮೇಲೆ ಇನ್ನೂ ದೊಡ್ಡ ಬೊಟ್ಟು ಅಂಟಿಸಿಕೊಳ್ಳುವವರೇ ಹೆಚ್ಚು.

ಸ್ಲೈಮ್, ಜೆಲ್, ಸೆನ್ಸರ್

ಕಾಲ ಬದಲಾದಂತೆ ಅಲರ್ಜಿಯ ಪಟ್ಟಿಯೂ ಉದ್ದವಾಗುತ್ತಿದೆ. ಒದ್ದೆ ವೈಪ್ಸ್ ಕೆಡದಂತೆ ಬಳಸಿದ ಮಿಥೈಲ್‌ಐಸೋಥಯಜೋಲಿನೋನ್ ಮಕ್ಕಳ ಬಾಯಿ ಸುತ್ತ, ಕೂರುವ ಭಾಗದಲ್ಲಿ ವಾಸಿಯಾಗದ ಇಸುಬು ತರುತ್ತಿದೆ ಎಂದು 2014ರಲ್ಲಿ ಅಮೆರಿಕದ ವೈದ್ಯರು ಆರು ಮಕ್ಕಳ ವಿವರ ಕೊಟ್ಟರು. ವೈಪ್ಸ್ ನಿಲ್ಲಿಸಿದಾಗ ಮಕ್ಕಳು ಗುಣವಾದರು. ಹಚ್ಚಿ ಹಾಗೇ ಬಿಡುವ ಕ್ರೀಮು, ವೈಪ್ಸ್‌ಗಳಲ್ಲಿ ಅದನ್ನು ಯುರೋಪ್ 2017ರಲ್ಲಿ ನಿಷೇಧಿಸಿತು. ಅಂಟು, ಡಿಟರ್ಜೆಂಟು ಕಲೆಸಿ ಮನೆಯಲ್ಲೇ ಸ್ಲೈಮ್ ಮಾಡುವ ಹುಚ್ಚು ಹಬ್ಬಿದ ಮೇಲೆ ಅದೇ ರಾಸಾಯನಿಕ ಮಕ್ಕಳ ಅಂಗೈಯಲ್ಲಿ ಮತ್ತೆ ಕಾಣಿಸಿಕೊಂಡಿತು.

ಹದಿಹರೆಯದ ಹುಡುಗಿಯರಿಗೆ ಈಗ ಮನೆಯಲ್ಲೇ ಜೆಲ್ ನೇಲ್ಸ್ ಹಚ್ಚಿಕೊಳ್ಳುವ ಕಿಟ್ ಪ್ರಿಯ. ಅದರಲ್ಲಿರುವ ಅಕ್ರಿಲೇಟ್ ಸರಿಯಾಗಿ ಗಟ್ಟಿಯಾಗದೆ ಚರ್ಮಕ್ಕೆ ತಾಗಿದರೆ ಅಲರ್ಜಿ ಬೆಳೆಯುತ್ತದೆ. ಬೆರಳ ತುದಿ ಮಾತ್ರವಲ್ಲ, ಬೆರಳು ಮುಟ್ಟುವ ರೆಪ್ಪೆಯೂ ಕೆಂಪಾಗುತ್ತದೆ. ಹಲ್ಲಿಗೆ ತುಂಬುವ ಸಿಮೆಂಟಿನಲ್ಲೂ ಇದೇ ಜಾತಿಯ ಪದಾರ್ಥವಿರುವುದರಿಂದ ಮುಂದೆ ದಂತವೈದ್ಯರಿಗೂ ಈ ವಿಷಯ ಹೇಳಬೇಕಾಗುತ್ತದೆ. ಸಕ್ಕರೆ ಕಾಯಿಲೆಯ ಮಕ್ಕಳ ತೋಳಿಗೆ ಅಂಟಿಸುವ ಗ್ಲುಕೋಸ್ ಸೆನ್ಸರಿನ ಅಂಟು ವಿಭಾಗದಲ್ಲೂ ಇದರ ಬಳಗದ ಐಸೋಬೋರ್ನೈಲ್ ಅಕ್ರಿಲೇಟ್ ಸಿಕ್ಕಿತು. ಆ ಮಕ್ಕಳಿಗೆ ಸೆನ್ಸರ್ ಬಿಡುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಕೆಲವು ತಯಾರಕರು ಅಂಟು ಬದಲಿಸಬೇಕಾಯಿತು.

‘ನ್ಯಾಚುರಲ್’ ಎಂಬ ಚೀಟಿಯೂ ಭರವಸೆಯಲ್ಲ. ಟೀ ಟ್ರೀ ಎಣ್ಣೆ, ಲ್ಯಾವೆಂಡರ್ ಎಣ್ಣೆ ಗಿಡದಿಂದಲೇ ಬಂದವು. ಹೊಲಗೇರಿನ ಸೊನೆಯೂ ಗಿಡದಿಂದಲೇ ಬಂದದ್ದು.

ಮುಲಾಮೇ ಮುಳ್ಳಾದಾಗ

ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ ವಾಸಿಮಾಡಲು ಹಚ್ಚಿದ ಮುಲಾಮೇ ಅಲರ್ಜಿ ತರುವುದು. ಮೊಣಕಾಲು ತರಚಿದ ಮಗುವಿಗೆ ಮನೆಮನೆಯಲ್ಲಿ ಹಚ್ಚುವ ಹಳದಿ ಮುಲಾಮಿನ ನೈಟ್ರೋಫ್ಯುರಜೋನ್, ಇತರ ಗಾಯದ ಮುಲಾಮುಗಳ ನಿಯೋಮೈಸಿನ್, ಫ್ರಾಮೈಸೆಟಿನ್ ಇವು ಭಾರತದ ಅಲರ್ಜಿ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರುಗಳು. ಗಾಯ ಹರಡುತ್ತಿದೆ ಎಂದು ಇನ್ನಷ್ಟು ಹಚ್ಚಿದಷ್ಟೂ ಅದು ಹರಡುತ್ತದೆ. ಸಣ್ಣ ತರಚಿಗೆ ನೀರು, ಸೋಪು, ಸ್ವಲ್ಪ ವ್ಯಾಸಲೀನ್ ಸಾಕು.

ಮೆಡಿಕಲ್ ಸ್ಟೋರಿನಲ್ಲಿ ಕೇಳಿದವರಿಗೆಲ್ಲ ಸಿಗುವ, ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಕ್ರೀಮುಗಳು ಇನ್ನೊಂದು ಗೋಳು. ಎರಡು ದಿನ ತುರಿಕೆ ಮಾಯ, ನಿಲ್ಲಿಸಿದೊಡನೆ ದುಪ್ಪಟ್ಟು. ಮಕ್ಕಳ ತೆಳು ಚರ್ಮ ಇನ್ನೂ ತೆಳುವಾಗುತ್ತದೆ, ಹುಳುಕಡ್ಡಿ ಇದ್ದರೆ ಗುರುತು ಸಿಗದಂತೆ ವೇಷ ಮರೆಸಿಕೊಳ್ಳುತ್ತದೆ. ಚರ್ಮರೋಗ ತಜ್ಞರ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳು ಇಂದಿಗೂ ಕಡಿಮೆ. ಸ್ಟಿರಾಯ್ಡ್ ಕೆಟ್ಟದ್ದಲ್ಲ. ಎಲ್ಲಿಗೆ, ಯಾವ ಬಲದ್ದು, ಎಷ್ಟು ದಿನ ಎಂದು ವೈದ್ಯರು ಹೇಳಿ ಕೊಟ್ಟಾಗ ಸಂಪರ್ಕ ಅಲರ್ಜಿಗೆ ಅದೇ ಮುಖ್ಯ ಔಷಧ.

ಬೆನ್ನ ಮೇಲಿನ ಪರೀಕ್ಷೆ

ಅಪರಾಧಿಯನ್ನು ಹಿಡಿಯುವ ವಿಧಾನ ನೂರಿಪ್ಪತ್ತೈದು ವರ್ಷಕ್ಕೂ ಹಳೆಯದು. ಇಂದು ಪೋಲೆಂಡಿನಲ್ಲಿರುವ, ಅಂದಿನ ಬ್ರೆಸ್ಲೌ ನಗರದ ವೈದ್ಯ ಯೋಸೆಫ್ ಯಾಡಸ್ಸೋನ್ ಪಾದರಸದ ಮುಲಾಮಿನಿಂದ ಗುಳ್ಳೆ ಎದ್ದ ರೋಗಿಯ ಚರ್ಮಕ್ಕೆ ಅದನ್ನೇ ಚೂರು ಹಚ್ಚಿ ಮುಚ್ಚಿಟ್ಟು ನೋಡಿದ. 1895ರಲ್ಲಿ ಅವನು ಮಂಡಿಸಿದ ಈ ಪ್ಯಾಚ್ ಪರೀಕ್ಷೆ ಇಂದಿಗೂ ಬಹುಪಾಲು ಹಾಗೇ ಇದೆ.

ಅನುಮಾನವಿರುವ ಪದಾರ್ಥಗಳನ್ನು ಅಳತೆಯಲ್ಲಿ ಪುಟ್ಟ ಬಟ್ಟಲುಗಳಿಗೆ ಹಾಕಿ ಬೆನ್ನಿಗೆ ಅಂಟಿಸುತ್ತಾರೆ. ಸೂಜಿಯಿಲ್ಲ, ರಕ್ತವಿಲ್ಲ. ಎರಡು ದಿನ ಬೆನ್ನು ಒದ್ದೆಯಾಗಬಾರದು, ಆಟ, ಬೆವರು ಕೂಡದು. ಆಮೇಲೆ ಪಟ್ಟಿ ತೆಗೆದು ನೋಡುತ್ತಾರೆ, ಮತ್ತೊಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎರಡನೇ ಸಲ ನೋಡದಿದ್ದರೆ ತಡವಾಗಿ ಕೆಂಪಾಗುವವು ತಪ್ಪಿಹೋಗುತ್ತವೆ. ಭಾರತಕ್ಕೆ ಹೊಂದುವಂತೆ ಆರಿಸಿದ ಪದಾರ್ಥಗಳ ಪಟ್ಟಿಯೇ ಇದೆ. ಮಕ್ಕಳ ಬೆನ್ನು ಚಿಕ್ಕದಾದ್ದರಿಂದ ಅದರಿಂದಲೂ ಆರಿಸಿ ಕೆಲವನ್ನೇ ಹಾಕುತ್ತಾರೆ. ದೊಡ್ಡ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ವಿಚಾರಿಸಬಹುದು.

ಮನೆಗೇ ಬಂದು ರಕ್ತ ಒಯ್ದು ನೂರಾರು ಪದಾರ್ಥಗಳ ಪಟ್ಟಿ ಕೊಡುವ ಲ್ಯಾಬಿನ ‘ಅಲರ್ಜಿ ಪ್ಯಾನೆಲ್’ ಇಲ್ಲಿ ಉಪಯೋಗಕ್ಕೆ ಬಾರದು. ಅದು ಅಳೆಯುವುದು ಐಜಿಇ. ಓಲೆ, ಬೂಟು, ಬೊಟ್ಟಿನ ಅಲರ್ಜಿ ಇರುವುದು ಟಿ ಕೋಶದಲ್ಲಿ. ಸಾವಿರಾರು ರೂಪಾಯಿ ಕೊಟ್ಟು ತಂದ ಆ ವರದಿಯಲ್ಲಿ ಕಡಲೆಕಾಯಿಗೋ ಗೋಧಿಗೋ ಒಂದಿಷ್ಟು ಅಂಕ ಕಂಡರೆ ಅದೂ ತಟ್ಟೆಯಿಂದ ಹೊರಗೆ. ನಿಕ್ಕಲ್ ಓಲೆ ಮಾತ್ರ ಕಿವಿಯಲ್ಲೇ ನೇತಾಡುತ್ತಿರುತ್ತದೆ.

ಕಾರಣ ಸಿಕ್ಕಿ, ಅದನ್ನು ದೂರವಿಟ್ಟರೆ ಚರ್ಮ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತಿಳಿಯಾಗುತ್ತದೆ. ನಾಲ್ಕು ದಿನಕ್ಕೇ ‘ಪ್ರಯೋಜನವಾಗಲಿಲ್ಲ’ ಎಂದು ಕೈಬಿಡಬಾರದು. ಮಗುವಿನ ಇಸುಬು ವಾಸಿಯಾಗದೆ ಎಳೆಯುತ್ತಿದ್ದರೆ, ಅಥವಾ ಒಂದೇ ಜಾಗದಲ್ಲಿ ಮರಳಿ ಮರಳಿ ಏಳುತ್ತಿದ್ದರೆ, ಆ ಜಾಗದ ಫೋಟೊ ತೆಗೆದು ತಾರೀಖು ಬರೆದಿಡಿ. ಚರ್ಮರೋಗ ತಜ್ಞರಲ್ಲಿಗೆ ಹೋಗುವಾಗ ಮಗುವಿನ ಮೈಗೆ ತಾಗುವುದನ್ನೆಲ್ಲ ಒಂದು ಚೀಲದಲ್ಲಿ ತುಂಬಿ ಜೊತೆಗೆ ಒಯ್ಯಿರಿ: ಓಲೆ, ಬೆಲ್ಟು, ಬೂಟು, ಬೊಟ್ಟಿನ ಹಾಳೆ, ಮೆಹಂದಿ ಕೋನ್, ಪೌಡರ್, ಕ್ರೀಮು, ಈವರೆಗೆ ಹಚ್ಚಿದ ಮುಲಾಮಿನ ಖಾಲಿ ಟ್ಯೂಬುಗಳನ್ನೂ ಬಿಡದೆ.